ನಿಮ್ಮ ಕಡೆ ಹುಲಿ ಇಲ್ಲ

ಇಲ್ಫರ್ಡ್
೧೮ ಆಗಸ್ಟ್ ೨೦೨೪

ಕಲ್ಯಾಣಕ್ಕ,

ಪ್ರತೀಕ್ಷಾಳ ಫಲಿತಾಂಶ ಗುರುವಾರ ಬಂತು. ಶೆಫೀಲ್ಡ್‌ನಲ್ಲಿ ಸೀಟು ಖಾತ್ರಿಯಾಯಿತು. ಇದನ್ನು ಹೊಸ ಸುದ್ದಿಯೆಂಬಂತೆ ಬರೆಯುತ್ತಿದ್ದೇನೆ. ಆದರೆ ಅವಳು ನಿಮಗೆ ಎಂಟೂ ಐದಕ್ಕೇ ಫೋನ್ ಮಾಡಿದ್ದಳು, ನನಗೆ ಮೆಸೇಜು ಬಂದದ್ದು ಎಂಟೂ ಹನ್ನೆರಡಕ್ಕೆ. ನಾನು ಆಫೀಸಿನ ಲಿಫ್ಟಿನಲ್ಲಿದ್ದೆ. ಏಳು ನಿಮಿಷ ಏನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳಬೇಕಾಗಿ ಬಂತಲ್ಲ, ಅದನ್ನು ನೀವು ಗಮನಿಸುತ್ತೀರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಿಮ್ಮ ದೋಣಿಯ ವಿಚಾರಕ್ಕೆ ಬರುತ್ತೇನೆ. ನಿಮ್ಮ ಆಫೀಸಿನ ಗೆಳತಿ ತನ್ನ ನ್ಯಾರೋಬೋಟನ್ನು ಹತ್ತು ದಿನ ನಿಮ್ಮ ಕೈಗೆ ಕೊಡುತ್ತಾಳೆಂದು ಓದಿ ಸಂತೋಷವಾಯಿತು. ನೀವು ಇಲ್ಫರ್ಡಿನ ನಮ್ಮ ಪಕ್ಕದ ಮನೆ ಬಿಟ್ಟು ಹೇಸ್‌ಗೆ ಹೋಗಿ ಹತ್ತು ವರ್ಷವಾಯಿತು. ಅಲ್ಲಿನ ಅಡುಗೆಮನೆ ಕಿಟಕಿಯಿಂದ ಕಾಣುವ ಕಾಲುವೆಯ ಬಗ್ಗೆ, ಅದರಲ್ಲಿ ಹಾದುಹೋಗುವ ಆ ಉದ್ದನೆಯ ಸಪೂರ ದೋಣಿಗಳ ಬಗ್ಗೆ ನಮ್ಮ ತಿಂಗಳ ಪತ್ರಗಳಲ್ಲಿ ಎಷ್ಟು ಸಲ ಬರೆದಿದ್ದೀರೋ. ಈಗ ನೀವೇ ಚುಕ್ಕಾಣಿ ಹಿಡಿದು, ಟಾಟನ್‌ಹ್ಯಾಮಿನಿಂದ ಲೀ ನದಿಯಲ್ಲಿ ದೋಣಿ ಹೋಗುವಷ್ಟೂ ದೂರ, ಹರ್ಟ್‌ಫರ್ಡಿನವರೆಗೆ ಹೋಗುತ್ತೀರಿ.

ನೀವು ನನ್ನನ್ನೂ ಮಗಳನ್ನೂ ಕರೆದಿದ್ದೀರಿ. ಸೆಪ್ಟೆಂಬರಿನಲ್ಲಿ ನಮ್ಮ ಬ್ಯಾಂಕಿನಲ್ಲಿ ಆಡಿಟ್, ನನಗೆ ರಜೆ ಸಿಗುವುದಿಲ್ಲ. ನಾನು ಆಗುವುದಿಲ್ಲ ಎಂದರೆ ಮಗಳೂ ಆಗುವುದಿಲ್ಲ ಎನ್ನುತ್ತಾಳೆಂದು ಎಣಿಸಿದ್ದೆ. ಅವಳು ತಟ್ಟೆಯಿಂದ ತಲೆ ಎತ್ತದೆ, “ಐಯಾಮ್ ಸೋ ಇನ್,” ಎಂದಳು. ಅಪ್ಪನ ಕಡೆ ತಿರುಗಿ ಇನ್ನೂ ಒಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಉಮಾಶಂಕರ ನಕ್ಕು, “ಹೋಗ್ಲಿ ಬಿಡೇ, ಆಮೇಲೆ ಯಾವಾಗ ಹೋಗ್ತಾಳೆ,” ಅಂದರು.

ಅವಳು ಹೊರಡುವುದು ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ. ಅದಕ್ಕೆ ಮೊದಲು ನನಗೆ ಉಳಿದಿರುವುದು ನಾಲ್ಕು ಶನಿವಾರ. ಅದರಲ್ಲಿ ಎರಡು ನಿಮಗೆ ಹೋಗುತ್ತವೆ. ಇದನ್ನು ದೂರು ಎಂದು ಓದಬೇಡಿ. ಕ್ಯಾಲೆಂಡರ್ ಎದುರಿಗೇ ಇತ್ತು, ಎಣಿಸಿದೆ.

ಒಗೆದ ಬಟ್ಟೆ ಮಷಿನಿನಲ್ಲೇ ಇದೆ, ಏಳುತ್ತೇನೆ.
ನೀರಜಾ


ಹೇಸ್
೨೫ ಆಗಸ್ಟ್ ೨೦೨೪

ಪ್ರೀತಿಯ ನೀರಜಾ,

ನಿನ್ನ ಶನಿವಾರದ ಲೆಕ್ಕ ನೋಡಿದೆ. ಒಂದು ಶನಿವಾರ ನೀನೂ ಬಂದುಬಿಡು. ದೋಣಿಯಲ್ಲಿ ಮೂವರಿಗೆ ಹಾಸಿಗೆ ಇದೆ. ಏಳಡಿ ಅಗಲ, ಐವತ್ತು ಅಡಿ ಉದ್ದ. ರೈಲಿನ ಬೋಗಿಯಲ್ಲಿ ಸಂಸಾರ ಹೂಡಿದ ಹಾಗೆ.

ನಮ್ಮ ಮನೆಯವರು, ಜಗದೇವಪ್ಪನವರು, ಬರುವುದಿಲ್ಲ. “ನೆಲಾ ಇರೂತನಕ ನಾ ನೆಲದ ಮ್ಯಾಲೇ ಇರ್ತೀನಿ, ನೀ ಹೋಗಿ ಮೀನ ಆಗು,” ಅಂದರು. ಬೇಸಿಗೆಯಿಡೀ ವಾರಕ್ಕೊಮ್ಮೆ ಗೆಳತಿ ನನಗೆ ದೋಣಿ ಕಲಿಸಿದ್ದಾಳೆ. ಕಲಿಯುವುದು ಒಂದೇ: ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ, ಅದೂ ತಳ್ಳಿದ ಕೂಡಲೇ ಅಲ್ಲ. ಕಾಯಬೇಕು. ನಾನು ಕಾಯದೆ ಇನ್ನಷ್ಟು ತಳ್ಳಿ, ಎರಡು ಸಲ ಮುಳ್ಳುಪೊದೆಗೆ ನುಗ್ಗಿಸಿದ್ದೇನೆ.

ದೋಣಿಯಲ್ಲಿ ಫೋನುಗಳು ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ, ಸಂಜೆಗೊಮ್ಮೆ ತೆಗೆಯುವುದು. ಇದು ನನ್ನ ನಿಯಮ. ಇನ್ನೊಂದು ನಿಯಮ ನಿನ್ನ ಮಗಳದು. ಅದನ್ನು ನಿನಗೆ ಹೇಳುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಕೆಟ್ಟದ್ದೇನಲ್ಲ, ಹೆದರಬೇಡ.

ನದಿಯ ಮೇಲೆ ಹತ್ತು ದಿನ ನನಗೆ ಪತ್ರ ಮುಟ್ಟಲಾರದು. ಬರೆದರೆ ಹೇಸ್‌ಗೇ ಬರೆ. ಬಂದ ಮೇಲೆ ಓದುತ್ತೇನೆ.

ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಯುತ್ತಿರುವ
ಕಲ್ಯಾಣಿ


ಇಲ್ಫರ್ಡ್
೧೦ ಸೆಪ್ಟೆಂಬರ್ ೨೦೨೪

ಕಲ್ಯಾಣಕ್ಕ,

ನೀವು ಇದನ್ನು ಬಂದ ಮೇಲೆ ಓದುತ್ತೀರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊನ್ನೆ ಭಾನುವಾರ ನಾನು ಎನ್‌ಫೀಲ್ಡ್ ಲಾಕ್‌ಗೆ ಬಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿರುತ್ತೇವೆ ಎಂದು ಪ್ರತೀಕ್ಷಾ ಹಿಂದಿನ ಸಂಜೆ ಮೆಸೇಜು ಹಾಕಿದ್ದಳು. ಬೆಳಿಗ್ಗೆ ಎದ್ದು ಬಿಸಿಬೇಳೆ ಹುಳಿಯನ್ನ ಮಾಡಿ, ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ, ಟವೆಲಿನಲ್ಲಿ ಸುತ್ತಿ, ಸ್ಟ್ರಾಟ್‌ಫರ್ಡಿನಲ್ಲಿ ರೈಲು ಬದಲಿಸಿ ಬಂದೆ. ಹೇಳದೆ ಹೋಗಿ ಬೆರಗುಗೊಳಿಸಬೇಕು ಎಂಬುದು ಒಂದು ಕಾರಣ. ಆ ಇನ್ನೊಂದು ನಿಯಮ ಏನೆಂದು ನೋಡಬೇಕು ಎಂಬುದು ನಿಜವಾದ ಕಾರಣ.

ಸೇತುವೆಯ ಮೇಲೆ ನಿಂತೆ. ವಿಲ್ಲೋ ಮರದ ಎಲೆಗಳು ಆಗಲೇ ಹಳದಿಯಾಗಿ ನೀರಿಗೆ ಬೀಳುತ್ತಿದ್ದವು. ಲಾಕ್ ಎಂದರೆ ನೀರಿನ ಮೆಟ್ಟಿಲು ಎಂದು ನೀವು ಬರೆದಿದ್ದು ಆಗ ಅರ್ಥವಾಯಿತು. ಎರಡು ಜೊತೆ ಮರದ ಬಾಗಿಲು, ನಡುವೆ ತೊಟ್ಟಿ, ತೊಟ್ಟಿಯಲ್ಲಿ ನಿಧಾನವಾಗಿ ಏರುತ್ತಿದ್ದ ಹಸಿರು ದೋಣಿ. ನೀವು ದಡದಲ್ಲಿ ಕಬ್ಬಿಣದ ಹಿಡಿಕೆ ತಿರುಗಿಸುತ್ತಿದ್ದಿರಿ. ಚುಕ್ಕಾಣಿ ಹಿಡಿದಿದ್ದವಳು ಅವಳು. ಆಮೇಲೆ ಕೇಳಿಸಿತು.

“ಮೌಶಿ, ಸ್ವಲ್ಪ ತಡೀರಿ. ಹಿಂದಿನ ಹಗ್ಗ ಸಿಕ್ಕೊಂಡದ.”

“ಸಿಕ್ಕೊಂಡದ ಅಂತ ನಿಂತ್ರ ಹೆಂಗ? ಬಿಡಸು.”

“ನೀವ ಬಿಡಸ್ರಿ. ನಂಗ ಇರೂದ ಎರಡ ಕೈ, ಎರಡೂ ಇಲ್ಲೇ ಅದಾವ.”

“ನಾಕ ಇದ್ದಿದ್ರ ನಿನ್ನ ಕಡೆ ಭಾಂಡೀನೂ ತೊಳಸ್ತಿದ್ದೆ.”

ಇಬ್ಬರೂ ನಕ್ಕಿರಿ. ಹನ್ನೆರಡು ವರ್ಷದಿಂದ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಅವಳಿಗೆ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ ಎಂದು ಮೈಸೂರಿನಲ್ಲಿ ಎಲ್ಲರಿಗೂ ಹೇಳಿ, ಅದಕ್ಕೊಂದು ನಿಟ್ಟುಸಿರನ್ನೂ ರೂಢಿಸಿಕೊಂಡಿದ್ದೇನೆ. ಆ ಹುಡುಗಿ ಕನ್ನಡ ಮಾತಾಡುತ್ತಿದ್ದಳು. ಅದೂ ನನ್ನ ಕನ್ನಡವಲ್ಲ. ಮೈಸೂರಿನ “ಇದೆ” ಅಲ್ಲ, ಧಾರವಾಡದ “ಅದ”. ನನ್ನ ಮಗಳು ನಿಮ್ಮ ಊರಿನವಳಾಗಿದ್ದಳು.

ತಾಯಿಯಾದವಳು ಅಲ್ಲಿಂದ ಕೂಗಿ ಕರೆಯಬೇಕಿತ್ತು. ನಾನು ಡಬ್ಬಿಯನ್ನು ಎದೆಗವಚಿಕೊಂಡು ಸ್ಟೇಷನ್ನಿಗೆ ವಾಪಸು ನಡೆದೆ. ಆ ಹುಳಿಯನ್ನವನ್ನು ಉಮಾಶಂಕರ ಮತ್ತು ನಾನು ಎರಡು ದಿನ ತಿಂದೆವು.

ಅವಳು ಚಿಕ್ಕವಳಿದ್ದಾಗ ಸ್ಕೂಲು ಬಿಟ್ಟ ಮೇಲೆ ನಾನು ಸಿಟಿಯಿಂದ ಬರುವವರೆಗೆ ನಿಮ್ಮ ಮನೆಯಲ್ಲಿರುತ್ತಿದ್ದಳು. ದಿನಕ್ಕೆ ಮೂರು ಗಂಟೆ. ಆ ಮೂರು ಗಂಟೆಗೆ ಆಗ ನಿಮಗೆ ಎಷ್ಟು ಋಣಿಯಾಗಿದ್ದೆನೋ, ಈಗ ಅಷ್ಟೇ ಸಿಟ್ಟು ಬರುತ್ತಿದೆ. ಇದು ನ್ಯಾಯವಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದರಿಂದ ಸಿಟ್ಟು ಕಡಿಮೆಯಾಗುತ್ತಿಲ್ಲ.

ನಾಳೆ ಅಂಚೆಗೆ ಹಾಕುತ್ತೇನೆ, ಮನಸ್ಸು ಬದಲಾಗದಿದ್ದರೆ.
ನೀರಜಾ


ಇಲ್ಫರ್ಡ್
೨೨ ಸೆಪ್ಟೆಂಬರ್ ೨೦೨೪

ಕಲ್ಯಾಣಕ್ಕ,

ಹಿಂದಿನ ಪತ್ರ ಮತ್ತು ಇದು, ಎರಡೂ ಒಂದೇ ಲಕೋಟೆಯಲ್ಲಿ ಬರುತ್ತಿವೆ. ಮೊದಲನೆಯದನ್ನು ಅಂಚೆಗೆ ಹಾಕಲಿಲ್ಲ. ಅದರ ಬದಲು ಮರುದಿನ ಸಂಜೆ, ಬಿಸ್ಕತ್ತಿನ ಡಬ್ಬಿ ತೆರೆಯುವ ಹೊತ್ತು ನೋಡಿ, ಪ್ರತೀಕ್ಷಾಗೆ ಮೆಸೇಜು ಹಾಕಿದೆ: ಜ್ವರ ನೂರಾ ಎರಡು ಇದೆ, ಅಪ್ಪ ಊರಲ್ಲಿಲ್ಲ, ಬರುತ್ತೀಯಾ.

ಜ್ವರ ಇರಲಿಲ್ಲ. ಉಮಾಶಂಕರ ಪಕ್ಕದ ಕೋಣೆಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

ಗುರುವಾರ ಹನ್ನೊಂದು ಗಂಟೆಗೆ ಅವಳು ಬಂದಾಗ ನಾನು ಅಡುಗೆಮನೆಯ ಮೇಜಿನ ಮುಂದೆ ಕೂತು ಆಫೀಸಿನ ಮೀಟಿಂಗಿನಲ್ಲಿದ್ದೆ. ಇಷ್ಟು ಬೇಗ ಬರುತ್ತಾಳೆಂದು ಎಣಿಸಿರಲಿಲ್ಲ. ಕ್ಯಾಮೆರಾ ಎದುರು ಯಾರದೋ ಜೋಕಿಗೆ ನಗುತ್ತಿದ್ದೆ. ಅವಳ ಬೂಟು ಒದ್ದೆಯಾಗಿತ್ತು, ಕೈಯಲ್ಲಿ ಪ್ಯಾರಾಸಿಟಮಾಲ್ ಮತ್ತು ನಾಲ್ಕು ನಿಂಬೆಹಣ್ಣಿನ ಚೀಲ. ಹಿಂದಿನಿಂದ ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟಳು. ನದಿಯ ವಾಸನೆಯ, ಹಗ್ಗ ಹಿಡಿದು ಒರಟಾದ ಕೈ. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ “ರೈಟ್,” ಎಂದು ಹೇಳಿ ಮಹಡಿ ಹತ್ತಿದಳು.

ಅಷ್ಟೇ. ಅವಳು ಜಗಳವಾಡಲಿಲ್ಲ. ನಿನ್ನೆ ಶೆಫೀಲ್ಡಿಗೆ ಬಿಟ್ಟು ಬಂದೆವು. ಕಾರಿನಲ್ಲಿ ಅಪ್ಪನ ಜೊತೆ ಮಾತಾಡಿದಳು. ಹೊರಡುವಾಗ ನನ್ನನ್ನು ಅಪ್ಪಿಕೊಂಡು, “ಟೇಕ್ ಕೇರ್, ಅಮ್ಮ,” ಎಂದಳು, ನೆರೆಯವರಿಗೆ ಹೇಳುವ ಹಾಗೆ.

ನೀವು ಅರ್ಧ ದಾರಿಯಲ್ಲಿ ಒಬ್ಬರೇ ಉಳಿದಿರಿ. ಐವತ್ತು ಅಡಿಯ ದೋಣಿ, ಇನ್ನೊಂದು ಜೋಡಿ ಕೈಯಿಲ್ಲದೆ. ಹೇಗೆ ವಾಪಸು ತಂದಿರಿ ಎಂದು ಕೇಳುವ ಮುಖವೂ ನನಗಿಲ್ಲ. ನೀವೂ ಫೋನ್ ಮಾಡಿಲ್ಲ. ನಿಮ್ಮ ಮೌನಕ್ಕೆ ಏನು ಅರ್ಥ ಎಂದು ಹತ್ತು ದಿನ ಯೋಚಿಸಿದೆ. ಬೈದುಬಿಡಿ.

ನಿಂಬೆಹಣ್ಣುಗಳು ಇನ್ನೂ ಫ್ರಿಜ್ಜಿನಲ್ಲಿವೆ.
ನೀರಜಾ


ಹೇಸ್
೬ ಅಕ್ಟೋಬರ್ ೨೦೨೪

ನೀರಜಾ,

ನಿನ್ನ ಎರಡೂ ಪತ್ರ ಓದಿದೆ. ಸಿಟ್ಟು ಇಳಿಯಲೆಂದು ಒಂದು ವಾರ ಇಟ್ಟೆ. ಪೂರ್ತಿ ಇಳಿದಿಲ್ಲ.

ನಾನು ಹರ್ಟ್‌ಫರ್ಡ್ ಮುಟ್ಟಲಿಲ್ಲ. ಅವಳನ್ನು ಸ್ಟೇಷನ್ನಿಗೆ ಬಿಟ್ಟು ಬಂದು ಮೂರು ದಿನ ದಡಕ್ಕೆ ಕಟ್ಟಿಕೊಂಡೇ ಕೂತಿದ್ದೆ. ಕಡೆಗೆ ಜಗದೇವಪ್ಪನವರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದರು. ಪ್ರತಿ ಲಾಕ್‌ನಲ್ಲೂ ಶಿವನನ್ನು ನೆನೆಯುತ್ತ, ನನ್ನನ್ನು ಬಯ್ಯುತ್ತ, ದೋಣಿಯನ್ನು ಟಾಟನ್‌ಹ್ಯಾಮಿಗೆ ತಂದೆವು.

ನಿನಗೆ ನಾಲ್ಕು ಮಾತು ಹೇಳಬೇಕು. ಮಗಳು ತೆಗೆದುಕೊಂಡ ಮಾತನ್ನು ಈಗ ಮುರಿಯುತ್ತೇನೆ, ಅವಳಿಗೂ ತಿಳಿಸಿದ್ದೇನೆ.

ಅವಳ ನಿಯಮ: ದೋಣಿಯಲ್ಲಿ ಬರೀ ಕನ್ನಡ. ಈಗೇಕೆ ಈ ಹಟ ಎಂದು ಕೇಳಿದೆ. “ಅಮ್ಮನ ಜೋಡಿ ಜಗಳ ಆಡ್ಲಿಕ್ಕೆ ಬೇಕು, ಮೌಶಿ. ಇಂಗ್ಲಿಷ್‌ನಾಗ ಆಡಿದ್ರ ಅಮ್ಮ ಆಫೀಸ್ ಆಗ್ತಾಳ,” ಅಂದಳು. ಕಾಲೇಜಿಗೆ ಹೋಗುವ ಮೊದಲು ನಿನಗೆ ತೋರಿಸಬೇಕೆಂದಿದ್ದಳು. ಹೊರಡುವ ಹಿಂದಿನ ರಾತ್ರಿ, ಊಟಕ್ಕೆ ಕೂತಾಗ, ಇದ್ದಕ್ಕಿದ್ದಂತೆ.

ಹಾಗಾದರೆ ಇಷ್ಟು ವರ್ಷ ಯಾಕೆ ಮಾತಾಡಲಿಲ್ಲ ಎಂದೂ ಕೇಳಿದೆ. ಅವಳು ನಕ್ಕು, “ನಿಮ್ಮ ಕಡೆ ಹುಲಿ ಇಲ್ಲ,” ಅಂದಳು.

ನನಗೆ ಒಂದು ನಿಮಿಷ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಕ್ವೀನ್ಸ್‌ಬರಿಯ ಹಾಲ್‌ನಲ್ಲಿ ಕನ್ನಡದವರ ದೀಪಾವಳಿ ಊಟ, ಆರು ವರ್ಷದ ಹುಡುಗಿ ಬಡಿಸುವವರನ್ನು ಕರೆದು, “ಅಂಕಲ್, ನಂಗೆ ಇನ್ನೂ ಸ್ವಲ್ಪ ಹುಲಿ ಹಾಕಿ,” ಅಂದದ್ದು. ನೀವು ಮೈಸೂರಿನವರು ಬೇಳೆಸಾರಿಗೆ ಹುಳಿ ಎನ್ನುತ್ತೀರಿ. ಅವಳ ನಾಲಿಗೆಗೆ ಳ ಬರುತ್ತಿರಲಿಲ್ಲ. ಬಡಿಸುವವರು ಸೌಟು ಹಿಡಿದು ಗರ್ ಎಂದರು, ಪಂಕ್ತಿಯೇ ನಕ್ಕಿತು. ಅವತ್ತು ನಾನೂ ನಕ್ಕೆ. ಆದರೆ ನೀನು ಅದನ್ನು ಆಮೇಲೆ ಎಷ್ಟು ಮನೆಗಳಲ್ಲಿ ಹೇಳಿದ್ದೀ, ನೀರಜಾ? ಅವಳ ಎದುರಿಗೇ. ಎಲ್ಲರೂ ಅವಳನ್ನು ‘ಏನಮ್ಮಾ ಹುಲಿ’ ಎಂದು ಕರೆಯುವಷ್ಟು. ನಮ್ಮಲ್ಲಿ ಅದು ಬರೀ ಸಾರು. ಸಾರು ಎನ್ನಲು ಅವಳಿಗೆ ಅಂಜಿಕೆ ಇರಲಿಲ್ಲ.

ನೀನು ನನಗೆ ಬರೆದ ಮೊದಲ ಪತ್ರ ನೆನಪಿದೆಯೇ? ಕಾನ್ವೆಂಟಿನಲ್ಲಿ ಓದಿದವಳು ನೀನು, ಹದಿನೈದು ವರ್ಷದ ಮೇಲೆ ಕನ್ನಡದ ಪೆನ್ನು ಹಿಡಿದಿದ್ದೆ. “ನಿಮ್ಮ ಸ್ನೇಹವೇ ನನಗೆ ದೊಡ್ಡ ದನ,” ಎಂದು ಬರೆದಿದ್ದೆ. ನಾನು ಧಾರವಾಡದಲ್ಲಿ ಕನ್ನಡ ಕಲಿಸುತ್ತಿದ್ದವಳು, ಆ ದನವನ್ನು ಯಾರಿಗೂ ತೋರಿಸಲಿಲ್ಲ, ಮನೆಯವರಿಗೂ. ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ ನಿನಗೇ ವಾಪಸು ಕಳಿಸಿದೆ.

ಬೆಳಿಗ್ಗೆ ದೋಣಿಯ ಕಿಟಕಿಗಳಿಗೆ ಮಂಜು ಹಿಡಿದಿರುತ್ತಿತ್ತು. ಅವಳು ಬೆರಳಿನಲ್ಲಿ ಅದರ ಮೇಲೆ ಅಕ್ಷರ ಬರೆಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಬರೆದದ್ದು ಳ.

ಈಗ ನನ್ನ ಸರದಿ. ಎನ್‌ಫೀಲ್ಡಿನ ಸೇತುವೆಯ ಮೇಲೆ ನಿನ್ನನ್ನು ನಾನು ನೋಡಿದೆ. ಟವೆಲು ಸುತ್ತಿದ ಡಬ್ಬಿಯನ್ನೂ ನೋಡಿದೆ. ಒಂದು ಕೂಗು ಸಾಕಿತ್ತು. ನೀನು ಇಳಿದು ಬಂದರೆ ಅವಳು ಇಂಗ್ಲಿಷಿಗೆ ಹೊರಳುತ್ತಾಳೆ, ನನ್ನ ಪಕ್ಕದಿಂದ ಎದ್ದು ನಿನ್ನ ಪಕ್ಕಕ್ಕೆ ಹೋಗುತ್ತಾಳೆ ಎಂದು ಅನಿಸಿ, ಬಗ್ಗಿ ಹಿಡಿಕೆ ತಿರುಗಿಸುತ್ತ ಉಳಿದೆ. ನನ್ನ ಮಗ ವೀರಭದ್ರನಿಗೆ ಕನ್ನಡ ಸೊಗಸಾಗಿ ಬರುತ್ತದೆ, ತಪ್ಪಿಲ್ಲದೆ ಓದುತ್ತಾನೆ, ಬರೆಯುತ್ತಾನೆ. ಎಡಿನ್‌ಬರದಿಂದ ಫೋನ್ ಮಾಡಿ ಮೂರು ತಿಂಗಳಾಯಿತು. ನಿನ್ನ ಮಗಳು ಹೊಸದಾಗಿ ಕಲಿತ ಒಂದೊಂದು ಪದವನ್ನೂ ನಿನಗೆಂದು ಎತ್ತಿಡುತ್ತಿದ್ದಳು. ಅದನ್ನು ದಿನವೂ ಕೇಳಿಸಿಕೊಂಡು ನನಗೇನಾಯಿತು ಎಂದು ನಿನಗೆ ಹೇಳಬೇಕಾಗಿಲ್ಲ.

ಇಷ್ಟು ಸಾಕು. ಅವಳಿಗೆ ಬರೆ. ದೊಡ್ಡ ಅಕ್ಷರದಲ್ಲಿ ಬರೆ, ಇನ್ನೂ ಕೂಡಿಸಿ ಓದುತ್ತಾಳೆ.

ಕಲ್ಯಾಣಿ


ಇಲ್ಫರ್ಡ್
೧೩ ಅಕ್ಟೋಬರ್ ೨೦೨೪

ಪ್ರತೀಕ್ಷಾ,

ನಿನಗೆ ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು. ನಿಧಾನವಾಗಿ ಓದು.

ನನಗೆ ಜ್ವರ ಇರಲಿಲ್ಲ. ನಿನಗೆ ಗೊತ್ತು. ಆದರೂ ನಾನೇ ಹೇಳಬೇಕಿತ್ತು. ನಾನು ಎನ್‌ಫೀಲ್ಡ್ ಲಾಕ್‌ಗೆ ಬಂದಿದ್ದೆ. ನೀನು ಮೌಶಿಯ ಜೊತೆ ನಗುವುದನ್ನು ನೋಡಿದೆ. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೇ ನಿನ್ನನ್ನು ಕರೆಸಿಕೊಂಡೆ.

ಇನ್ನೊಂದು ಮಾತು ಹುಲಿಯದು. ಅದನ್ನು ಯಾಕೆ ಅಷ್ಟು ಸಲ ಹೇಳಿದೆ ಎಂದು ಈ ವಾರವೆಲ್ಲ ಯೋಚಿಸಿದೆ. ನನ್ನ ಕನ್ನಡವೂ ಗಟ್ಟಿ ಇರಲಿಲ್ಲ. ಆ ಜನರ ನಡುವೆ ಬಾಯಿ ತೆರೆಯಲು ನನಗೂ ಅಂಜಿಕೆ ಇತ್ತು. ನಿನ್ನ ತಪ್ಪು ಹೇಳಿದಾಗಲೆಲ್ಲ ನಾನು ಕನ್ನಡ ಚೆನ್ನಾಗಿ ಬಲ್ಲವಳಾಗುತ್ತಿದ್ದೆ. ಅದಕ್ಕೆ ನಿನ್ನನ್ನು ಬಳಸಿಕೊಂಡೆ. ಇನ್ನು ಯಾರಿಗೂ ಹೇಳುವುದಿಲ್ಲ.

ನೀನು ಬರೆಯದಿದ್ದರೂ ಪರವಾಗಿಲ್ಲ ಎಂದು ಮುಗಿಸಬೇಕೆಂದಿದ್ದೆ. ಅದು ಸುಳ್ಳು. ಬರೆ.

ಅಮ್ಮ


ಇಲ್ಫರ್ಡ್
೨೪ ನವೆಂಬರ್ ೨೦೨೪

ಕಲ್ಯಾಣಕ್ಕ,

ಆರು ವಾರ ಏನೂ ಬರಲಿಲ್ಲ. ದೀಪಾವಳಿಗೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು, ನಾನು ಪಕ್ಕದಿಂದ ಕೈ ಬೀಸಿದೆ, ಅವಳೂ ಬೀಸಿದಳು. ಅಷ್ಟರಲ್ಲಿ ನಿಮಗೆ ಬರೆದಿರಬಹುದು ಎಂದು ನಿಮ್ಮ ಮೇಲೆ ಮತ್ತೆ ಉರಿದುಕೊಂಡೆ. ಬರೆದಿದ್ದಳೇ ಎಂದು ಕೇಳುತ್ತಿಲ್ಲ. ಹೇಳಲೂ ಬೇಡಿ.

ನಿನ್ನೆ ಬಂತು. ಗೆರೆ ಎಳೆದ ಕಾಗದದ ಒಂದೇ ಹಾಳೆ, ಎರಡೂ ಬದಿ. ಬಾಗಿಲ ಹತ್ತಿರ ನಿಂತೇ ಓದಿದೆ, ಆಮೇಲೆ ಮೆಟ್ಟಿಲ ಮೇಲೆ ಕೂತು ಓದಿದೆ. ನನ್ನನ್ನು ಚೆನ್ನಾಗಿ ಬೈದಿದ್ದಾಳೆ. ನಿಂಬೆಹಣ್ಣು ತರಲು ಎರಡು ಅಂಗಡಿ ಅಲೆದದ್ದನ್ನು, ರೈಲಿನಲ್ಲಿ ಅತ್ತದ್ದನ್ನು ಬರೆದಿದ್ದಾಳೆ. ನಿಮ್ಮನ್ನು ನಡುದಾರಿಯಲ್ಲಿ ಬಿಟ್ಟು ಬಂದದ್ದಕ್ಕೆ ನನ್ನನ್ನು ಇನ್ನೂ ಕ್ಷಮಿಸಿಲ್ಲ. ಉತ್ತರ ಕೊಡಲು ನನಗೆ ಎರಡು ದಿನ ಬೇಕು, ಏಕೆಂದರೆ ಇದು ನಿಜವಾದ ಜಗಳ, ಇದರಲ್ಲಿ ಆಫೀಸಿಗೆ ಜಾಗವಿಲ್ಲ. ಪತ್ರದುದ್ದಕ್ಕೂ “ಅದ”, “ಇಲ್ರಿ”, “ಹಂಗ”. ಧಾರವಾಡದವಳ ಹಾಗೆ ಜಗಳಾಡುವ ಮಗಳನ್ನು ನನಗೆ ಕೊಟ್ಟಿದ್ದೀರಿ. ಅದು ಇನ್ನೂ ಸ್ವಲ್ಪ ಚುಚ್ಚುತ್ತದೆ. ಚುಚ್ಚಲಿ.

ಕೊನೆಯಲ್ಲಿ ಹುಳಿ ಪುಡಿ ಕಳಿಸು ಎಂದಿದ್ದಾಳೆ. ಆ ಳ ಅಕ್ಷರದ ಮೇಲೆ ಎಷ್ಟು ಸಲ ಪೆನ್ನು ಆಡಿಸಿದ್ದಾಳೆಂದರೆ, ಕಾಗದ ತೂತಾಗಿದೆ.

ಈಸ್ಟರ್ ರಜೆಯಲ್ಲಿ ಹರ್ಟ್‌ಫರ್ಡಿನವರೆಗೆ ಹೋಗಬೇಕಂತೆ, ನಿಮ್ಮ ಜೊತೆ. ನನ್ನನ್ನು ಕರೆದಿಲ್ಲ. ನೀವಿಬ್ಬರೇ ಹೋಗಿ ಬನ್ನಿ. ಎನ್‌ಫೀಲ್ಡಿನ ಸೇತುವೆಗೆ ಡಬ್ಬಿ ತರುತ್ತೇನೆ. ಈ ಸಲ ನಾನು ಕೂಗುತ್ತೇನೆ, ನೀವು ತಲೆ ಎತ್ತಿ ನೋಡಬೇಕು.

ಪತ್ರವನ್ನು ನಿಮಗೆ ಕಳಿಸುತ್ತೇನೆಂದು ಕಾಯಬೇಡಿ. ಅದರಲ್ಲಿ ಹನ್ನೊಂದು ತಪ್ಪುಗಳಿವೆ. ಎರಡಂತೂ ನೀವು ಕೇಳಿದರೆ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಂಥವು. ಯಾವುವೆಂದು ನಿಮಗೂ ಹೇಳುವುದಿಲ್ಲ.

ಪುಡಿ ಹುರಿಯಲು ಬಾಣಲೆ ಇಟ್ಟಿದ್ದೇನೆ.
ನೀರಜಾ